ಕಳೆ ಕೀಳುವ ಮೀನು

ಸುಳ್ಳು ತಯಾರಿತ್ತು. ಅದನ್ನು ಕಟ್ಟುವ ತೊಂದರೆಯನ್ನೂ ಯಾರೂ ವಿಜಯಶ್ರೀಗೆ ಕೊಟ್ಟಿರಲಿಲ್ಲ. ಗಂಡ ಪಂಪಾಪತಿ ನಿನ್ನೆ ಸಂಜೆ ಅಂಗಡಿಯಿಂದ ಬರುವಾಗ ಅವಳ ಅಳತೆಗೇ ಹೊಲಿಸಿದ ಕುಪ್ಪಸದಂತೆ ತಂದುಕೊಟ್ಟಿದ್ದ. ಸಿಂಧನೂರಿನಲ್ಲಿ ಹತ್ತಿದ ಆಟೋದವನು ದಾರಿ ತಪ್ಪಿ ಬಂಗಾಲಿಗಳ ಆರ್.ಎಚ್. ಕ್ಯಾಂಪಿನ ಕಡೆ ಹೋದ, ಅಲ್ಲಿ ಆಟೋ ಕೆಟ್ಟು ನಿಂತಿತು, ಬಿಸಿಲಿಗೆ ನಿಲ್ಲಲಾರದೆ ಅವಳು ನೆರಳು ಹುಡುಕಿದಳು, ಸಿಕ್ಕ ನೆರಳು ಮೀನಿನ ಅಂಗಡಿಯ ತಗಡಿನ ಕೆಳಗಿತ್ತು. ಇಲ್ಲಿ ಮಸ್ಕಿಯಿಂದ ಅಲ್ಲಿಗೆ ಯಾರು ಹೋಗಿ ಯಾವ ಆಟೋ ಎಂದು ಕೇಳುತ್ತಾರೆ? ಒಲೆಯ ಮೇಲಿನ ದೊಡ್ಡ ಪಾತ್ರೆಯಲ್ಲಿ ಗೋಧಿ ಹುಗ್ಗಿ ತಳ ಹಿಡಿಯದಂತೆ ಕೈಯಾಡಿಸುತ್ತ ಅವಳು ಆ ಮಾತನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದಳು. ಆಟೋ ಕೆಟ್ಟಿತ್ತು. ಸುಳ್ಳು ಎಲ್ಲೂ ಹರಿದಿರಲಿಲ್ಲ, ಎಲ್ಲೂ ಬಿಗಿಯಾಗಿರಲಿಲ್ಲ. ಅದಕ್ಕೇ ಅವಳಿಗೆ ಸಿಟ್ಟು ಬಂತು. ಇಂದು ಶ್ರಾವಣದ ಸೋಮವಾರ; ಮನೆತನದ ಅಯ್ಯನವರಾದ ಕರಿಬಸಯ್ಯನವರು ಪಾದಪೂಜೆಗೆ, ಪ್ರಸಾದಕ್ಕೆ ಬರುವವರಿದ್ದರು. ಅವರು ಕೇಳುತ್ತಾರೆ, ಇವಳು ಆಟೋ ಕೆಟ್ಟಿತ್ತೆನ್ನಬೇಕು, ಅವರು ತಮ್ಮ ಪಾದ ತೊಳೆದ ನೀರನ್ನು, ಪಾದೋದಕವನ್ನು, ಇವಳ ಅಂಗೈಗೆ ಹಾಕುತ್ತಾರೆ, ಇವಳು ಕುಡಿದು ಹುಗ್ಗಿ ಬಡಿಸಬೇಕು. ಹಾಗೆನ್ನದಿದ್ದರೆ ಇವಳ ಕೈಯ ಅಡುಗೆಯನ್ನು ಅಯ್ಯನವರು ಮುಟ್ಟುವುದಿಲ್ಲ. ಅಯ್ಯನವರು ಮುಟ್ಟದ್ದನ್ನು ಅತ್ತೆ ಮುಟ್ಟುವುದಿಲ್ಲ, ಅತ್ತೆ ಮುಟ್ಟದ್ದನ್ನು ಓಣಿ ಮುಟ್ಟುವುದಿಲ್ಲ. ಮದುವೆಯಾಗಿ ಬಂದ ದಿನದಿಂದ ಈ ಮನೆಯಲ್ಲಿ ಅವಳದೆನ್ನುವುದು ಏನಾದರೂ ಇದ್ದರೆ ಈ ಒಲೆಯ ಮುಂದಿನ ಜಾಗ ಮಾತ್ರ, ಅದು ಹೋಗುತ್ತದೆ. ಬೆಲ್ಲ ಕರಗಿ ಹುಗ್ಗಿಯ ಬಣ್ಣ ತಿರುಗುತ್ತಿತ್ತು. ಅವಳು ಉರಿ ತಗ್ಗಿಸಿದಳು.

ಆ ಮೀನು ಕಂಡದ್ದು ಆಷಾಢದ ಒಂದು ಬೆಳಗ್ಗೆ, ಪಡಸಾಲೆಯ ಟೀವಿಯಲ್ಲಿ. ಅತ್ತೆ ಅಂಬಮ್ಮ ಒಳಕೋಣೆಯಲ್ಲಿ ಲಿಂಗಪೂಜೆಗೆ ಕೂತಿದ್ದಳು. ಪೂಜೆಯ ಹೊತ್ತಿನಲ್ಲಿ ಟೀವಿಯ ಚಿತ್ರ ಇರಬಹುದು, ಸದ್ದು ಇರಬಾರದು, ಅದು ಮನೆಯ ರೂಢಿ. ವಿಜಯಶ್ರೀ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತ ಚಾನೆಲ್ ಬದಲಿಸುತ್ತ ಹೋದಾಗ ಸಮುದ್ರ ಬಂತು. ಸಮುದ್ರವನ್ನು ಅವಳು ಕಣ್ಣಾರೆ ನೋಡಿದವಳಲ್ಲ. ತುರ್ವಿಹಾಳದ ತೌರುಮನೆಯ ಮುಂದಿನ ಕಾಲುವೆಯೇ ಅವಳು ಕಂಡ ದೊಡ್ಡ ನೀರು. ಬಣ್ಣಬಣ್ಣದ ಮೀನುಗಳು ಜಾತ್ರೆಗೆ ಹೊರಟವರಂತೆ ಹೋದವು, ಅವು ಅವಳಿಗೆ ರುಚಿಸಲಿಲ್ಲ. ಆಮೇಲೆ ಒಂದು ಕಲ್ಲಿನ ಮಗ್ಗುಲಿಗೆ ಅಂಗೈಯಷ್ಟು ಉದ್ದದ, ನೆನೆದ ಎರೆಮಣ್ಣಿನ ಬಣ್ಣದ ಒಂದು ಮೀನು ಕಾಣಿಸಿತು. ಬೆನ್ನಿನ ರೆಕ್ಕೆ ಮುಗಿಯುವ ಕಡೆ ಅದಕ್ಕಿಂತ ಕಪ್ಪಾದ ಒಂದು ಚುಕ್ಕೆ. ಕಲ್ಲಿನ ಮೇಲೆ ಮೊಳಕೆ ಒಡೆದ ಸಸಿಮಡಿಯ ಹಾಗೆ ಪಾಚಿ ಬೆಳೆದಿತ್ತು. ಮೀನು ಆ ಪಾಚಿಯೊಳಗೆ ಬಾಯಿ ಹಾಕಿ ಒಂದು ಎಳೆ ಕಿತ್ತಿತು, ತಿನ್ನಲಿಲ್ಲ, ಕಲ್ಲಿನ ಅಂಚಿನವರೆಗೆ ಕಚ್ಚಿಕೊಂಡು ಹೋಗಿ ಆಚೆ ಉಗುಳಿ ಬಂತು. ಮತ್ತೆ ಬೇರೆ ಬಣ್ಣದ ಇನ್ನೊಂದು ಎಳೆ ಕಿತ್ತಿತು, ಮತ್ತೆ ಆಚೆ ಹಾಕಿತು. ವಿಜಯಶ್ರೀಯ ಬೆರಳುಗಳು ಬೇಳೆಯಲ್ಲಿ ನಿಂತುಬಿಟ್ಟವು. ಇದು ಕಳೆ ತೆಗೆಯುತ್ತಿದೆ ಎಂದು ಅವಳಿಗೆ ಗೊತ್ತಾಗಲು ಯಾರ ದನಿಯೂ ಬೇಕಿರಲಿಲ್ಲ. ಅಷ್ಟರಲ್ಲಿ ಮುಖಕ್ಕೆ ಗಾಜು ಕಟ್ಟಿಕೊಂಡ ಒಬ್ಬ ಮನುಷ್ಯ ಈಜುತ್ತ ಹತ್ತಿರ ಬಂದ. ಅವನ ಕಾಲಿನ ರಬ್ಬರ್ ಪಾದವೇ ಆ ಮೀನಿನ ಎಷ್ಟೋ ಪಟ್ಟು ಇತ್ತು. ಮೀನು ಓಡಲಿಲ್ಲ, ನೆಟ್ಟಗೆ ಹೋಗಿ ಅವನ ಕೈಗೆ ಕಚ್ಚಿತು. ಅವನು ಕೈ ಕೊಡವಿದ, ಅದು ತಿರುಗಿ ಬಂದು ಮತ್ತೆ ಕಚ್ಚಿತು. ಕೊನೆಗೆ ಹಿಂದೆ ಸರಿದವನು ಅವನೇ. ಇಷ್ಟು ನೋಡುವುದರಲ್ಲಿ ಅಂಬಮ್ಮನ ಪೂಜೆ ಮುಗಿದು, ಅವಳು ಬಂದು ತನ್ನ ಧಾರಾವಾಹಿ ಹಚ್ಚಿಸಿಕೊಂಡಳು. ಮೀನಿನ ಹೆಸರು ಯಾರಾದರೂ ಹೇಳಿದ್ದರೂ ಅದು ಸದ್ದಿಲ್ಲದ ಟೀವಿಯೊಳಗೇ ಉಳಿಯಿತು.

"ಅತ್ತಿ, ಈಗೊಂದು ಮೀನ ತೋರಿಸಿದ್ರು, ಕಳಿ ತೆಗ್ಯಾಕತ್ತಿತ್ತು ನೋಡ್ರಿ" ಎಂದಳು ವಿಜಯಶ್ರೀ.

"ಮುಂಜಾನೆದ್ದು ಅದರ ಹೆಸರು ತಗೀಬ್ಯಾಡ. ಇನ್ನಾ ನಾ ಬಾಯಾಗ ನೀರ ಹಾಕಿಲ್ಲ" ಎಂದಳು ಅಂಬಮ್ಮ.

ಆ ಮನೆಯಲ್ಲಿ ಮೀನಿಗೆ ಮೀನು ಎನ್ನುವುದಿಲ್ಲ, ಅದು ಎನ್ನುತ್ತಾರೆ. ಕೋಳಿಗೂ ಅದು, ಕುರಿಗೂ ಅದು. ಎಲ್ಲವೂ ಅದು ಆಗಿದ್ದರಿಂದ ಯಾವುದು ಯಾವುದೆಂದು ಕೇಳುವ ಕಷ್ಟ ಯಾರಿಗೂ ಬಂದಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ಪಂಪಾಪತಿಗೂ ಅವಳು ಹೇಳಿದಳು. ಅವನದು ಬೀಜ, ಗೊಬ್ಬರ, ಔಷಧದ ಅಂಗಡಿ. ಗದ್ದೆಯ ಕಳೆಗೆ ಹೊಡೆಯುವ ಎಣ್ಣೆಯೇ ಅವನ ದೊಡ್ಡ ವ್ಯಾಪಾರ. ಅವನು ರೊಟ್ಟಿ ಮುರಿಯುತ್ತ ಬಾಯಿತುಂಬ ನಕ್ಕ. "ಹಂಗಾದ್ರ ನಮ್ಮ ಕಳಿ ಎಣ್ಣಿ ಯಾರು ಒಯ್ತಾರ? ಆ ಮೀನ ತಂದು ಗದ್ದ್ಯಾಗ ಬಿಟ್ರ ಆತಲ್ಲ" ಎಂದ. ಸಂಜೆಯೊಳಗೆ ಆ ಮಾತು ಅಂಗಡಿಗೆ ಹೋಗಿ ಅಲ್ಲಿಂದ ಓಣಿಗೆ ಬಂತು. ಹಾಲಿನವಳು ಬಾಗಿಲಲ್ಲಿ ನಿಂತು, ಅಕ್ಕಾರ, ನಿಮ್ಮ ಮೀನಿಗೆ ಕೂಲಿ ಎಷ್ಟ್ರಿ ಎಂದು ಕೇಳಿದಳು. ವಿಜಯಶ್ರೀಯೂ ನಕ್ಕಳು, ನಗದಿದ್ದರೆ ಇನ್ನೂ ನಗುತ್ತಾರೆಂದು. ಆದರೆ ಪಾತ್ರೆ ತಿಕ್ಕುವಾಗ ಅವಳ ಕಿವಿ ಬಿಸಿಯಾಗಿತ್ತು. ತನ್ನ ಕಣ್ಣು ನೋಡಿದ್ದು ಇಷ್ಟು ಜನಕ್ಕೆ ಗೇಲಿಯಾಯಿತಲ್ಲ ಎನ್ನುವುದು ಒಂದು ಕಡೆಯಾದರೆ, ನೋಡಿದ್ದು ನಿಜವೋ ಅಲ್ಲವೋ ಎಂದು ತನಗೇ ಅನುಮಾನ ಬರತೊಡಗಿದ್ದು ಇನ್ನೊಂದು ಕಡೆ. ಎರಡನೆಯದು ಹೆಚ್ಚು ಸುಡುತ್ತಿತ್ತು. ಆ ಮೀನಿಗೆ ಒಂದು ಹೆಸರಿದ್ದರೆ ಅದು ಇದೆ ಎಂದಾಯಿತು, ಅದು ಇದ್ದರೆ ತಾನು ನೋಡಿದ್ದು ಹೌದು ಎಂದಾಯಿತು. ಹೆಸರು ಬೇಕು ಎಂದು ಅವಳು ಅಂದೇ ನಿರ್ಧಾರ ಮಾಡಿದ್ದಳು.

ಕಳೆ ತೆಗೆಯುವುದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ತುರ್ವಿಹಾಳದಲ್ಲಿ ಅಪ್ಪನ ಗದ್ದೆಯ ಬದುವಿನ ಮೇಲೆ ಕೂತು, ಸಾಲಾಗಿ ಬಗ್ಗಿದ ಹೆಂಗಸರ ಕೈ ನೋಡುತ್ತ ಬೆಳೆದವಳು ಅವಳು. ಯಮನಮ್ಮ ಎನ್ನುವವಳೊಬ್ಬಳು ಕಿತ್ತ ಕಳೆಯನ್ನು ಬೈದುಬೈದು ಬದುವಿಗೆ ಎಸೆಯುತ್ತಿದ್ದಳು, ಸವತಿಯನ್ನು ಹೊರಗೆ ಹಾಕಿದ ಹಾಗೆ. ಅಲ್ಲಿಂದಲೇ ಅಪ್ಪ ಅವಳನ್ನು ಲಿಂಗಸುಗೂರಿನ ಸೋದರಮಾವನ ಮನೆಯಲ್ಲಿಟ್ಟು ಪಿಯುಸಿಗೆ ಹಚ್ಚಿದ್ದ. ವಿಜ್ಞಾನ ತೆಗೆದುಕೊಳ್ಳುತ್ತೇನೆ ಎಂದಾಗ ಅಪ್ಪ ಕಾಲೇಜಿನ ಜವಾನನನ್ನು ವಿಚಾರಿಸಿ ಬಂದ. ಅಲ್ಲಿ ಕಪ್ಪೆ ಕೊಯ್ಯುತ್ತಾರಂತೆ. ಅಪ್ಪ ಬೈಯಲಿಲ್ಲ, ಕಾಲೇಜಿನ ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಮೆಲ್ಲಗೆ ಕೇಳಿದ. "ಕಪ್ಪಿ ಕೊಯ್ದ ಕೈಲೆ ಲಿಂಗ ಹಿಡೀತಿ ಏನವಾ?" ಅವಳ ಬಳಿ ಉತ್ತರವಿತ್ತು. ನಮ್ಮ ಗದ್ದೆಯಲ್ಲಿ ಟ್ರ್ಯಾಕ್ಟರಿನ ಕೆಳಗೆ ಎಷ್ಟು ಕಪ್ಪೆ ಸಾಯುತ್ತವೆ ಅಪ್ಪಾ ಎನ್ನಬಹುದಿತ್ತು. ಅನ್ನಲಿಲ್ಲ. ಅಪ್ಪನ ಮುಖ ಅಷ್ಟು ಮೃದುವಾಗಿತ್ತು. ಅವಳು ಇತಿಹಾಸ ತೆಗೆದುಕೊಂಡಳು, ಪಾಸೂ ಆದಳು, ಎಲ್ಲಾ ಮರೆತೂಬಿಟ್ಟಳು. ಈಗ ಹುಗ್ಗಿಗೆ ಒಣಕೊಬ್ಬರಿ ಹಾಕುತ್ತಿದ್ದಾಗ ಆ ಬೇವಿನ ಗಿಡದ ಕಹಿ ವಾಸನೆ ನೆನಪಾಗಿ, ಅಂದು ನುಂಗಿದ ಮಾತು ಇನ್ನೂ ಹಾಗೇ ಉಳಿದಿದೆ ಎನಿಸಿತು. ಮೃದು ಮುಖಗಳಿಗೆ ಎಷ್ಟು ಸಲ ಹೆದರುವುದು?

"ಏನಬೇ, ಎಲಕ್ಕಿ ಹಾಕಿದಿ?" ಎಂದು ಅಂಬಮ್ಮ ಅಡುಗೆಮನೆಯ ಹೊಸ್ತಿಲಾಚೆ ನಿಂತು ಕೇಳಿದಳು. ಗುರುವಾರದಿಂದ ಅವಳು ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ.

"ಹಾಕೀನ್ರಿ."

"ಮಾತು ನೆನಪೈತಲ್ಲ? ಆಟೋ."

ವಿಜಯಶ್ರೀ ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು. ಅತ್ತೆ ಅದನ್ನು ಹೂಂ ಎಂದು ತಿಳಿದು ಹೋದಳು.

ಮೀನಿನ ಹೆಸರನ್ನು ಮೊದಲು ಅವಳು ಫೋನಿನಲ್ಲೇ ಹುಡುಕಿದ್ದಳು. ಪಂಪಾಪತಿ ಹೊಸದು ಕೊಂಡಾಗ ಇಳಿಸಿಕೊಟ್ಟ ಹಳೆಯ ಫೋನು ಅದು. ಕರಿ ಮೀನು, ಸಮುದ್ರದ ಕಪ್ಪು ಮೀನು, ಚುಕ್ಕೆಯ ಕಪ್ಪು ಮೀನು ಎಂದೆಲ್ಲ ಬರೆದಳು. ಬಂದದ್ದೆಲ್ಲ ಮಸಾಲೆ. ಹುರಿದದ್ದು, ಕರಿದದ್ದು, ಹುಳಿ ಹಿಂಡಿದ್ದು. ನಡುನಡುವೆ ನಿಜವಾದ ಕಪ್ಪು ಮೀನುಗಳೂ ಬಂದವು. ಒಂದಕ್ಕೆ ರೆಕ್ಕೆಯ ಬುಡದಲ್ಲಿ ಬಿಳಿ ಗೆರೆ, ಒಂದು ತಾಟಿನಷ್ಟು ಅಗಲ, ಯಾವುದೂ ಅದಲ್ಲ. ಫೋನು ಅವಳದಾದರೂ ಅದರೊಳಗಿನ ಖಾತೆ ಇನ್ನೂ ಗಂಡನದೇ, ಪಡಸಾಲೆಯ ಟೀವಿಯೂ ಅದೇ ಖಾತೆಯದು ಎನ್ನುವುದು ಅವಳಿಗೆ ಹೊಳೆದಿರಲಿಲ್ಲ. ಮರುದಿನ ಅಂಬಮ್ಮ ವಚನ ಕೇಳಬೇಕೆಂದು ಟೀವಿ ಹಚ್ಚಿಸಿದರೆ ಪರದೆಯ ತುಂಬ ಬಾಣಲೆಯಲ್ಲಿ ಮೀನು ಚುರುಗುಟ್ಟುತ್ತಿದ್ದವು. ಅಂಬಮ್ಮ ಕಣ್ಣು ಮುಚ್ಚಿಕೊಂಡು ಶಿವಶಿವಾ ಎಂದಳು. ಪಂಪಾಪತಿಯ ಮುಖ ಬಿಳಿಚಿತು. ಅವನು ಗಾಬರಿಯಾದದ್ದು ಹೆಂಡತಿಗಾಗಿ ಅಲ್ಲ, ತನ್ನದೇ ಏನೋ ಹೊರಬಿತ್ತೆಂದು. ಲಿಂಗಸುಗೂರು ರಸ್ತೆಯ ಧಾಬಾದಲ್ಲಿ ಅವನು ಕಂಪನಿಯ ಏಜೆಂಟರ ಜೊತೆ ಕೂತು ಬಂದ ದಿನ ಅವನ ಅಂಗಿಯ ತೋಳಿಗೆ ಬರುವ ವಾಸನೆಯನ್ನು ತೊಳೆಯುವವಳು ವಿಜಯಶ್ರೀಯೇ. ಒಂದು ದಿನವೂ ಅವಳು ಕೇಳಿರಲಿಲ್ಲ. ಅವನೂ ಅದರ ಹೆಸರು ಕೇಳದೆಯೇ ತಿಂದಿರಬೇಕು, ಆ ಮನೆಯ ಮಗನಲ್ಲವೇ. ಟೀವಿಯಲ್ಲಿ ಆ ಚಿತ್ರ ಹೇಗೆ ಬಂತೆಂದು ಅಂಬಮ್ಮ ಕೇಳಿದಾಗ ವಿಜಯಶ್ರೀ, ನಾ ಹುಡುಕಿದ್ದು ಅತ್ತಿ, ಹೆಸರಿಗೆ ಎಂದಳು. ಪಂಪಾಪತಿ ಉಸಿರು ಬಿಟ್ಟ. ಆಮೇಲೆ ಧೈರ್ಯ ಬಂದು ಅವಳನ್ನು ಚೆನ್ನಾಗಿ ಬೈದ.

ಗುರುವಾರ ಅವಳು ಸಿಂಧನೂರಿಗೆ ಹೋಗಿಬರುತ್ತೇನೆಂದು ಹೇಳಿಯೇ ಹೊರಟಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ, ಹೆಂಗಸರು ಸಿಂಧನೂರಿಗೆ ಸೀರೆಗೆ ಹೋಗುತ್ತಾರೆ. ಬಸ್‌ಸ್ಟ್ಯಾಂಡಿನ ಮುಂದೆ ಆಟೋದವನಿಗೆ, ಬಂಗಾಲಿ ಕ್ಯಾಂಪಿನ ಮೀನಿನ ಬಜಾರಿಗೆ ನಡಿ ಎಂದಾಗ ಅವನು ಅವಳ ಹಣೆಯ ವಿಭೂತಿ ನೋಡಿ ಮತ್ತೊಮ್ಮೆ ಕೇಳಿದ್ದ. ಮೀನು ಹಿಡಿಯುವವರಿಗೆ, ಮಾರುವವರಿಗೆ ಜಗತ್ತಿನ ಮೀನೆಲ್ಲ ಗೊತ್ತಿರುತ್ತದೆ ಎಂದು ಅವಳು ನಂಬಿದ್ದಳು. ಎಲ್ಲವನ್ನೂ ಅದು ಎನ್ನುವ ಮನೆಯಿಂದ ಬಂದವಳಿಗೆ ಹೀಗನ್ನಿಸಿದ್ದು ಸಹಜ. ತಗಡಿನ ಕೆಳಗೆ ಎತ್ತರದ ಈಳಿಗೆಮಣೆಯ ಮುಂದೆ ಕೂತ ಹೆಂಗಸಿನ ಹೆಸರು ಮಾಲತಿ ಮಂಡಲ್ ಎಂದು ಆಮೇಲೆ ಗೊತ್ತಾಯಿತು. ವಾಸನೆ ಮುಖಕ್ಕೆ ಹೊಡೆದಾಗ ವಿಜಯಶ್ರೀ ಒಂದು ಹೆಜ್ಜೆ ಹಿಂದೆ ಸರಿದಳು. ಮತ್ತೆ ಮುಂದೆ ಬಂದು ನಿಂತಳು.

"ಏನ್ ಬೇಕು ದೀದಿ? ಎಲ್ಲಾ ತಾಜಾ."

"ಒಂದು ಮೀನಿನ ಹೆಸರು ಬೇಕಾಗಿತ್ರಿ."

"ಬರೀ ಹೆಸರು?"

"ಹೂನ್ರಿ. ಕರೀದೈತಿ. ಅಂಗೈಯಷ್ಟು. ಬೆನ್ನಿನ ರೆಕ್ಕಿ ಮುಗಿಯೋ ಕಡಿ ಒಂದು ಕರಿ ಚುಕ್ಕಿ."

ಮಾಲತಿ ಬುಟ್ಟಿಯಿಂದ ಒಂದನ್ನು ಎತ್ತಿ ತೋರಿಸಿದಳು, ಅಲ್ಲ. ಬಕೆಟ್ಟಿನಲ್ಲಿ ಜೀವಂತ ಒದ್ದಾಡುತ್ತಿದ್ದ ಮೀಸೆಯ ಕಪ್ಪು ಮೀನನ್ನು ಹಿಡಿದಳು, ಅದೂ ಅಲ್ಲ. ಸಮುದ್ರದ್ದು ಎಂದು ವಿಜಯಶ್ರೀ ಹೇಳಿದಾಗ ಮಾಲತಿ ನಕ್ಕು ಕೈ ಒರೆಸಿಕೊಂಡಳು. "ಸಮುದ್ರ ನಾನೂ ನೋಡಿಲ್ಲ ದೀದಿ. ಇಲ್ಲೇ ಕ್ಯಾಂಪಲ್ಲೇ ಹುಟ್ಟಿದ್ದು ನಾನು. ನಮ್ದು ಎಲ್ಲಾ ಕೆರೆ ಮೀನು." ವಿಜಯಶ್ರೀಗೆ ಒಮ್ಮೆಲೇ ತನ್ನ ದಡ್ಡತನ ಕಂಡಿತು. ಬಿಸಿಲಲ್ಲಿ, ರಕ್ತದ ನೀರು ಹರಿಯುವ ಕಲ್ಲಿನ ಮೇಲೆ, ಒಳ್ಳೆಯ ಇಳಕಲ್ ಸೀರೆ ಉಟ್ಟು ನಿಂತಿದ್ದಾಳೆ, ತನ್ನಂತೆಯೇ ಸಮುದ್ರ ಕಾಣದ ಇನ್ನೊಬ್ಬ ಹೆಂಗಸನ್ನು ಸಮುದ್ರದ ಸುದ್ದಿ ಕೇಳುತ್ತ. ತಿರುಗಿ ಹೊರಡಬೇಕೆನ್ನುವಾಗ ಮಾಲತಿ ಕೇಳಿದಳು. "ಅದು ಏನ್ ಮಾಡ್ತಿತ್ತು?"

ಇಷ್ಟು ದಿನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಿನಗ್ಯಾಕೆ ಬೇಕು ಎಂದು ಎಲ್ಲರೂ ಕೇಳಿದ್ದರು.

"ಕಳಿ ತೆಗ್ಯಾಕತ್ತಿತ್ತು."

ಮಾಲತಿ ನಗಲಿಲ್ಲ. "ಯಾರ ಹೊಲದಲ್ಲಿ?"

"ತನ್ನ ಹೊಲದಾಗ."

"ತನ್ನ ಹೊಲ ಆದ್ರೆ ತೆಗೀತದೆ ಬಿಡಿ" ಎಂದು ಮಾಲತಿ ಮುಂದಿನ ಮೀನಿನ ಹೊಟ್ಟೆ ಸೀಳಿದಳು. ವಿಜಯಶ್ರೀಗೆ ಅಲ್ಲೇ ಕೂತು ಅಳುವಷ್ಟು ಸುಖವಾಯಿತು. ಪಕ್ಕದ ಚಹಾದ ಬಂಡಿಯಿಂದ ಮಾಲತಿ ಒಂದು ಗ್ಲಾಸು ತರಿಸಿ ತನ್ನ ಕೈಯಾರೆ ಕೊಟ್ಟಳು. ವಿಜಯಶ್ರೀ ತೆಗೆದುಕೊಂಡಳು. ತೆಗೆದುಕೊಂಡವಳು, ಮಾಲತಿಯ ಬೆರಳು ತಾಗಿದ್ದ ಗ್ಲಾಸಿನ ಅಂಚನ್ನು ಸೆರಗಿನಿಂದ ಒರೆಸಿದಳು. ಅವಳು ಒರೆಸಬೇಕೆಂದು ಒರೆಸಿದ್ದಲ್ಲ, ಕೈ ತಾನೇ ಹೋಯಿತು; ಹಾಗೆ ಹೋಗುವ ಕೈಯನ್ನು ಎಷ್ಟು ತಲೆಮಾರು ಸೇರಿ ಮಾಡಿದ್ದವೋ. ಮಾಲತಿ ನೋಡಿದಳು. ನೋಡಿ, ನೋಡದವಳ ಹಾಗೆ ಮೀನಿನ ಪೊರೆ ಕೆರೆಯತೊಡಗಿದಳು. ಚಹಾ ಬಹಳ ಸಿಹಿಯಾಗಿತ್ತು.

ಮರಳುವ ಬಸ್ಸಿನಲ್ಲಿ ಅವಳು ಫೋನಿನಲ್ಲಿ ಮೀನಿನ ಬಣ್ಣ ಬರೆಯುವುದನ್ನು ಬಿಟ್ಟು ಅದರ ಕೆಲಸ ಬರೆದಳು. ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ, ತನ್ನ ತೋಟದ ಕಳೆ ತೆಗೆಯುವ ಮೀನು ಎಂದು ಕೇಳಿದಳು. ಸಿಂಧನೂರು ದಾಟಿ ಗದ್ದೆಗಳು ಬಂದು ಸಿಗ್ನಲ್ಲು ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಆಮೇಲೆ ಚಿತ್ರ ಮೆಲ್ಲಗೆ ಮೇಲಿನಿಂದ ಕೆಳಗೆ ತುಂಬಿಕೊಂಡಿತು. ಅದೇ ಎರೆಮಣ್ಣು, ಅದೇ ಚುಕ್ಕೆ, ನಿಮ್ಮ ಹಂಗು ನನಗೇನು ಎನ್ನುವಂಥ ಅದೇ ಬಾಯಿ. ಬೆಚ್ಚಗಿನ ಸಮುದ್ರಗಳ ಹವಳದ ಕಲ್ಲುಗಳಲ್ಲಿ ಇರುತ್ತದಂತೆ. ತಿನ್ನುವ ಪಾಚಿಯನ್ನು ಬೆಳೆಸುತ್ತದೆ, ಬೇಡದ್ದನ್ನು ಕಿತ್ತು ಹೊರಗೆ ಹಾಕುತ್ತದೆ, ತನಗಿಂತ ಎಷ್ಟೋ ಪಾಲು ದೊಡ್ಡವರನ್ನು ಕಚ್ಚಿ ಓಡಿಸುತ್ತದೆ. ಹೆಸರು ಡಸ್ಕಿ ಫಾರ್ಮರ್‌ಫಿಶ್. ಫಾರ್ಮರ್ ಎಂದರೆ ರೈತನೆಂದು ಪಂಪಾಪತಿಯ ಅಂಗಡಿಯ ಪ್ರತಿ ಡಬ್ಬಿಯ ಮೇಲೂ ಬರೆದಿರುತ್ತದೆ. ಅಂದರೆ ದೂರದ ಯಾರೋ ಓದಿದವರು, ಅದನ್ನು ಹೀಗೇ ನೋಡಿ, ಹೀಗೇ ಅಂದುಕೊಂಡು, ಅದಕ್ಕೆ ಒಕ್ಕಲುತನದ ಹೆಸರನ್ನೇ ಇಟ್ಟಿದ್ದರು. ಅವಳು ನೋಡಿದ್ದು ಹೌದಾಗಿತ್ತು. ತಡೆಯಲಾರದೆ ಪಕ್ಕದ ಸೀಟಿನ ಮುದುಕಿಗೆ ತೋರಿಸಿ, ಇದು ಒಕ್ಕಲುತನ ಮಾಡ್ತೈತಿ ನೋಡಬೇ ಎಂದಳು. ಮುದುಕಿ ಫೋನನ್ನು ಕಣ್ಣ ಹತ್ತಿರ ಹಿಡಿದು, "ತಿನ್ನಾಕ ಬರ್ತೈತೇನು?" ಎಂದಳು. ವಿಜಯಶ್ರೀ ಮಸ್ಕಿಯವರೆಗೆ ಒಬ್ಬಳೇ ನಗುತ್ತ ಬಂದಳು.

ಮನೆಯಲ್ಲಿ ಹೆಸರು ಹೇಳುವ ಪ್ರಸಂಗವೇ ಬರಲಿಲ್ಲ. ಅವಳಿಗಿಂತ ಮೊದಲೇ ದೊಡ್ಡಬಸಪ್ಪನ ಫೋನು ಬಂದಿತ್ತು. ಪಂಪಾಪತಿಯ ಚಿಕ್ಕಪ್ಪನ ಮಗ, ಸಿಂಧನೂರಿನ ಅಕ್ಕಿ ಗಿರಣಿಯವನು, ಭತ್ತ ನೋಡಲು ಕ್ಯಾಂಪಿಗೆ ಹೋಗಿದ್ದವನು ಮೀನಿನ ತಗಡಿನ ಕೆಳಗೆ ಅತ್ತಿಗೆ ಚಹಾ ಕುಡಿಯುವುದನ್ನು ಕಂಡಿದ್ದ. ಮೀನು ಕಳೆ ತೆಗೆಯುತ್ತದೋ ಇಲ್ಲವೋ ಎನ್ನುವುದು ಈಗ ಯಾರಿಗೂ ಬೇಕಿರಲಿಲ್ಲ. ಹೋಗಿದ್ದಿಯೋ ಇಲ್ಲವೋ, ತಿಂದಿಯೋ ಇಲ್ಲವೋ. ಕಲಬುರಗಿಯ ಹಾಸ್ಟೆಲಿನಿಂದ ಮಗಳು ಶಿವರಂಜನಿ ಕೂಡ ಫೋನು ಮಾಡಿ, "ಯವ್ವ, ಸುಮ್ನ ಏನರ ಒಂದು ಹೇಳಿ ಮುಗಸು. ಇಷ್ಟಕ್ಕೆಲ್ಲ ಯಾಕ ಹಟ ಮಾಡ್ತಿ" ಎಂದಿದ್ದಳು. ಆ ಮಾತು ಅತ್ತೆಯ ಬೈಗುಳಕ್ಕಿಂತ ಹೆಚ್ಚು ನೋಯಿಸಿತು, ಯಾಕೆಂದರೆ ಅದರಲ್ಲಿ ಪ್ರೀತಿ ಇತ್ತು, ಬುದ್ಧಿಯೂ ಇತ್ತು. ಹೌದು, ಇಷ್ಟಕ್ಕೆಲ್ಲ. ಆಟೋ ಕೆಟ್ಟಿತ್ತೆಂದರೆ ಒಂದು ಮೀನು ಸಾಯುವುದಿಲ್ಲ. ಆದರೆ ಹೆಸರು ಹುಡುಕಿ ಹೊರಟ ಒಬ್ಬ ಹೆಂಗಸು ಸಾಯುತ್ತಾಳೆ. ಅವಳ ಜಾಗದಲ್ಲಿ ದಾರಿ ತಪ್ಪಿ ನೆರಳಿಗೆ ನಿಂತ ಒಬ್ಬ ಪಾಪದವಳು ಈ ಮನೆಯಲ್ಲಿ ಉಳಿಯುತ್ತಾಳೆ, ಎಲ್ಲರಿಗೂ ಅವಳೇ ಬೇಕು.

ಹೊರಗೆ ಶಂಖದ ಸದ್ದಾಯಿತು. ಕರಿಬಸಯ್ಯನವರು ಬಂದರು, ಜೊತೆಗೆ ಮಠದ ಇನ್ನಿಬ್ಬರು ಅಯ್ಯಗಳು, ಓಣಿಯ ಹಿರಿಯರು, ಸಿಂಧನೂರಿನಿಂದ ದೊಡ್ಡಬಸಪ್ಪ. ಪಂಪಾಪತಿ ಪಾದ ತೊಳೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿದ. ಪಾದೋದಕದ ಬಟ್ಟಲು ಕೈಯಿಂದ ಕೈಗೆ ನಡೆಯಿತು. ಪಡಸಾಲೆಯಲ್ಲಿ ಎಲೆ ಹಾಕಿ ಗಂಡಸರೆಲ್ಲ ಸಾಲಾಗಿ ಕೂತರು. ವಿಜಯಶ್ರೀ ಹುಗ್ಗಿಯ ಪಾತ್ರೆಯನ್ನು ಬಟ್ಟೆಯಿಂದ ಹಿಡಿದು ತಂದು ಸಾಲಿನ ಮುಂದೆ ಇಳಿಸಿದಾಗ ಆವಿ ಎದ್ದು ಕರಿಬಸಯ್ಯನವರ ಕನ್ನಡಕ ಮಬ್ಬಾಯಿತು. ಅವರು ಅದನ್ನು ತೆಗೆದು ಶಲ್ಯದಿಂದ ಒರೆಸಿದರು. ಎಂಬತ್ತು ದಾಟಿದ ಜೀವ. ಅವಳ ಮದುವೆಯಲ್ಲಿ ಅಕ್ಷತೆ ಹಾಕಿದವರು, ಪ್ರತಿ ಶ್ರಾವಣಕ್ಕೂ ಅವಳ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡವರು. ಅವರ ಮುಖವೂ ಮೃದುವಾಗಿತ್ತು.

"ಏನಿಲ್ಲ ತಂಗಿ" ಎಂದರು ಅವರು. "ಆಟೋ ಕೆಟ್ಟಿತ್ತಂತ. ಹೌದಲ್ಲ? ಹೌದನ್ನು, ಸಾಕು."

ಅವಳು ಹೇಳುವುದಕ್ಕೂ ಅವರು ಏನೂ ಬಿಟ್ಟಿರಲಿಲ್ಲ. ತಲೆ ಆಡಿಸಿದರೂ ನಡೆಯುತ್ತಿತ್ತು. ಅಂಬಮ್ಮ ಕಂಬದ ಹತ್ತಿರ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಓಣಿಯ ಹೆಂಗಸರು ಬಾಗಿಲಲ್ಲಿ ಗುಂಪಾಗಿದ್ದರು. ವಿಜಯಶ್ರೀ ಪಾತ್ರೆ ಹಿಡಿದು ತಂದ ಬಟ್ಟೆಯನ್ನು ಮಡಿಚಿ ಕೆಳಗಿಟ್ಟಳು.

"ಆಟೋ ಕೆಟ್ಟಿರಲಿಲ್ರಿ ಅಜ್ಜಾರ. ನಾನ ಹೇಳಿ ಕರಕೊಂಡು ಹೋಗಿದ್ದೆ."

"ಯಾಕ ಹೋಗಿದ್ರಿ ಅತ್ತಿಗಿ?" ಎಂದ ದೊಡ್ಡಬಸಪ್ಪ, ಎಲೆಗೆ ನೀರು ಚಿಮುಕಿಸುತ್ತ.

"ಒಂದು ಮೀನಿನ ಹೆಸರು ಕೇಳಾಕ."

ಆ ಪಡಸಾಲೆಯಲ್ಲಿ ಆ ಶಬ್ದ ಪ್ರಸಾದದ ಹೊತ್ತಿನಲ್ಲಿ ಹಿಂದೆಂದೂ ಬಿದ್ದಿರಲಿಲ್ಲ. ಅಯ್ಯಗಳಲ್ಲಿ ಒಬ್ಬರು ಶಿವಾ ಎಂದರು. ವಿಜಯಶ್ರೀ ಗಂಡನ ಕಡೆ ನೋಡಿದಳು. ಅವನ ಕಣ್ಣಲ್ಲಿ ಬೇಡಿಕೆ ಇತ್ತು, ಅದರ ಹಿಂದೆ ಹೆದರಿಕೆ, ಧಾಬಾದ ಹೆದರಿಕೆ. ಈಗ ಅವಳು ಏನನ್ನೂ ಹೇಳಬಲ್ಲಳೆಂದು ಅವನಿಗೆ ತಿಳಿದಿತ್ತು. ಅದನ್ನು ನೋಡಿ ಅವಳಿಗೆ ನಗು ಬಂತು. ಇವನ ತಪ್ಪು ತನಗೆ ಯಾತಕ್ಕೆ? ತಾನು ಸರಿಯಿರುವುದಕ್ಕೆ ಅದರ ಆಸರೆ ಬೇಕಿರಲಿಲ್ಲ.

ಕರಿಬಸಯ್ಯನವರು ಪಾದೋದಕದ ಬಟ್ಟಲನ್ನು ತಾವೇ ಎತ್ತಿಕೊಂಡರು. ದನಿ ತಗ್ಗಿಸಿ, ಮಗುವಿಗೆ ಹೇಳುವಂತೆ ಹೇಳಿದರು. "ಆತು. ತಪ್ಪಾತು ಅನ್ನವಾ. ತಗೋ, ಎಲ್ಲಾರೂ ಉಣ್ಣೋಣು."

"ತಪ್ಪಾಗೈತ್ರಿ" ಎಂದಳು ವಿಜಯಶ್ರೀ. ಸಾಲಿನಲ್ಲೆಲ್ಲ ಉಸಿರು ಸಡಿಲಾಯಿತು. "ಆಕಿ ನನಗ ಚಾ ಕೊಟ್ಲು. ನಾ ಗ್ಲಾಸಿನ ಅಂಚು ಸೆರಗಿಲೆ ಒರಸಿ ಕುಡದೆ. ಆಕಿ ನೋಡಿದ್ಲು. ಆ ತಪ್ಪಿಗೆ ಕೊಡ್ರಿ ಅಜ್ಜಾರ, ತಗೋತೀನಿ. ಹೋಗಿದ್ದಕ್ಕ ತಗೊಳ್ಳಂಗಿಲ್ಲ."

ಬಟ್ಟಲು ಕರಿಬಸಯ್ಯನವರ ಕೈಯಲ್ಲಿ ಹಾಗೇ ಉಳಿಯಿತು. ಇಂಥ ತಪ್ಪನ್ನು ಅವರ ಮುಂದೆ ಇಷ್ಟು ವರ್ಷದಲ್ಲಿ ಯಾರೂ ತಂದಿರಲಿಲ್ಲ. ಅದಕ್ಕೆ ಕೊಡಬೇಕೋ ಬಾರದೋ ಅವರಿಗೆ ತಿಳಿಯಲಿಲ್ಲ. ಅವರು ಬಟ್ಟಲನ್ನು ನೋಡಿದರು, ಹುಗ್ಗಿಯನ್ನು ನೋಡಿದರು, ಪಕ್ಕದಲ್ಲಿದ್ದವರ ಮುಖ ನೋಡಿದರು. ಆ ಮುಖಗಳು ಅವರಿಗಿಂತ ಗಟ್ಟಿಯಾಗಿದ್ದವು. ಕೊನೆಗೆ ಬಟ್ಟಲು ಕೆಳಗಿಟ್ಟು, ನೆಲಕ್ಕೆ ಕೈಯೂರಿ ಮೆಲ್ಲಗೆ ಎದ್ದರು. ಅವರು ಎದ್ದ ಮೇಲೆ ಉಳಿದವರು ಕೂರುವಂತಿರಲಿಲ್ಲ. ದೊಡ್ಡಬಸಪ್ಪ ಶಲ್ಯ ಜಾಡಿಸಿದ. ಅಜ್ಜಾರ, ಅಜ್ಜಾರ ಎನ್ನುತ್ತ ಪಂಪಾಪತಿ ಅವರ ಚಪ್ಪಲಿಯವರೆಗೆ, ಅಲ್ಲಿಂದ ಕಟ್ಟೆಯವರೆಗೆ, ಅಲ್ಲಿಂದ ಓಣಿಯ ತಿರುವಿನವರೆಗೆ ಓಡಿದ. ಬಾಗಿಲಿನ ಹೆಂಗಸರು ಒಬ್ಬೊಬ್ಬರೇ ಕರಗಿದರು. ಅಂಬಮ್ಮ ಒಳಗೆ ಹೋಗಿ ಅಗಳಿ ಹಾಕಿಕೊಂಡಳು.

ಖಾಲಿ ಎಲೆಗಳು ಸಾಲಾಗಿ ಉಳಿದವು. ವಿಜಯಶ್ರೀ ನಿಂತೇ ಇದ್ದಳು. ಅಳು ಬರುತ್ತದೆಂದು ಕಾದಳು, ಬರಲಿಲ್ಲ. ಬೆಳಗಿನಿಂದ ಬಾಯಿಗೆ ಏನೂ ಹಾಕಿಲ್ಲ ಎನ್ನುವುದು ನೆನಪಾಯಿತು. ಆ ಮನೆಯಲ್ಲಿ ಹೆಂಗಸರು ಗಂಡಸರ ಊಟವಾದ ಮೇಲೆ ಅಡುಗೆಮನೆಯಲ್ಲಿ ಉಣ್ಣುತ್ತಾರೆ. ಅವಳು ಸಾಲಿನ ಮೊದಲನೆಯ ಎಲೆಯ ಮುಂದೆ ಕೂತಳು. ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡಳು. ಪಾತ್ರೆಯನ್ನು ಹತ್ತಿರ ಎಳೆದುಕೊಂಡು ಎಲೆಯ ತುಂಬ ಹುಗ್ಗಿ ಬಡಿಸಿಕೊಂಡಳು. ಗೋಧಿ ಹದವಾಗಿ ಬೆಂದಿತ್ತು, ಬೆಲ್ಲ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ.

ಪಂಪಾಪತಿ ಒಬ್ಬನೇ ತಿರುಗಿ ಬಂದ. ಬೆವೆತಿದ್ದ. ಹೊಸ್ತಿಲಲ್ಲಿ ನಿಂತು ಅವಳು ಕೂತ ಜಾಗವನ್ನು ನೋಡಿದ.

"ಏನ್ ಮಾಡಾಕತ್ತೀ?"

"ಉಣ್ಣಾಕತ್ತೀನ್ರಿ."

ತುಪ್ಪದ ಗಿಂಡಿ ಸಾಲಿನ ಆ ತುದಿಯಲ್ಲಿ, ಅವನ ಕಾಲ ಹತ್ತಿರ ಇತ್ತು. ವಿಜಯಶ್ರೀ ಅದರ ಕಡೆ ಕೈ ತೋರಿಸಿದಳು.

"ತುಪ್ಪ ಇತ್ತಾಗ ತರ್ರಿ."

ಅವನು ನಿಂತೇ ಇದ್ದ. ಅವಳು ಮತ್ತೆ ಕೇಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಎಲೆಯಲ್ಲಿ ಕೈ ಇಟ್ಟುಕೊಂಡು ಕಾದಳು. ತುಪ್ಪವಿಲ್ಲದೆ ಆ ಹುಗ್ಗಿ ಉಣ್ಣುವ ವಿಚಾರ ಅವಳಿಗೆ ಇರಲಿಲ್ಲ.